ಬಿಸಿಲ ಗಾಡಿಗೆ ವಿಭೂತಿ

ಸಪ್ಪಳವೇ ಇಲ್ಲ, ಕಿತ್ತೂರ ರಸ್ತೆಯ ನಡುವೆ ಮಲಗಿದ ನಾಯಿ ಕಿವಿ ಸಹ ಎತ್ತಲಿಲ್ಲ, ಅದರ ಬಾಲದ ಪಕ್ಕದಿಂದಲೇ ಗಾಡಿ ಸರಿದು ಬರುತ್ತಿದೆ — ಇದು ನಾಲ್ಕನೆಯದು, ಎರಡು ಸಾವಿರದ ಏಳರದು, ಎಷ್ಟು ತೆಳ್ಳಗಿದೆ, ಮೊದಲನೆಯದು ಬಂದರೆ ಎರಡು ಓಣಿ ಆಚೆಗೆ ಕೇಳುತ್ತಿತ್ತು, ಚೈನಿನ ಕಟಕಟ, ನಾನು ಬೆಸೆದ ಕಬ್ಬಿಣದ ಕಿರುಗುಟ್ಟುವಿಕೆ, ತೊಂಬತ್ತಾರರ ಬೇಸಿಗೆ ಅದು, ಬೈಲಹೊಂಗಲ ಮಾರ್ಕೆಟ್ ಯಾರ್ಡಿನ ಹಿಂದೆ ನನ್ನ ಟ್ರೇಲರ್ ಅಂಗಡಿ, ವಿಶ್ವವಿದ್ಯಾಲಯದ ಐದು ಮಂದಿ ಹುಡುಗರು, ಒಬ್ಬಳು ಹುಡುಗಿ ಬಂದು ಬಾಗಿಲಲ್ಲಿ ನಿಂತಿದ್ದರು, ಕಾಕಾ, ಬಿಸಿಲಿನ ಮ್ಯಾಲ ಓಡೂ ರೇಸಿನ ಗಾಡಿ ಮಾಡೂದೈತ್ರಿ, ಚಾಸಿ ನೀವ ಮಾಡಿಕೊಡಬೇಕ್ರಿ. ನನಗೆ ಗೊತ್ತಿದ್ದ ಪ್ರಶ್ನೆ ಒಂದೇ, ಎಷ್ಟ ಟನ್ ಹೇರತೀರಿ ಅಂದೆ. ಹುಡುಗಿ ನಕ್ಕಳು, ನನ್ನ ಒಬ್ಬಾಕಿನ್ನ ಹೇರೂದ್ರಿ ಕಾಕಾ, ನಲವತ್ತೆರಡ ಕಿಲೋ. ಅವಳೇ ಉಮಾಶ್ರೀ, ಎಲ್ಲರಿಗಿಂತ ಹಗುರ ಅಂತ ಅವಳನ್ನೇ ಡ್ರೈವರ್ ಮಾಡಿದ್ದರು. ನಲವತ್ತೆರಡು ಕಿಲೋಕ್ಕೆ ಗಾಡಿ ಮಾಡುವುದು ನನಗೆಲ್ಲಿ ಗೊತ್ತು, ಹತ್ತಿ ಅಂಡಿಗೆ ಹೇರಿದರೂ ಬಗ್ಗದಂಥ ಚಾಸಿ ಮಾಡಿದೆ, ಎತ್ತಲು ಆರು ಮಂದಿ ಬೇಕು, ಅವರು ಪಾಪ, ಭಾಳ ಗಟ್ಟಿ ಆಗೇತ್ರಿ ಅಂದರು, ನಾನು ಅದನ್ನು ಹೊಗಳಿಕೆ ಅಂತಲೇ ತಿಳಿದೆ.

ವೈರಿಂಗ್ ಮಾಡಿದವನು ಪಕ್ಕದ ಅಂಗಡಿಯ ದಸ್ತಗೀರಸಾಬ, ಲಾರಿ ಡೈನಮೋ ಕಟ್ಟುವುದರಲ್ಲಿ ಅವನನ್ನು ಮೀರಿಸುವವರು ಸವದತ್ತಿ ತನಕ ಯಾರೂ ಇರಲಿಲ್ಲ, ಆ ನಾಲ್ಕು ಸೋಲಾರ್ ಪ್ಲೇಟುಗಳನ್ನು ಅವನು ಒಂದಕ್ಕೊಂದು ಕೂಡಿಸಿದ್ದು ನೋಡಬೇಕಿತ್ತು, ಹೆಂಗಸರು ಹೂವು ಕಟ್ಟಿದ ಹಾಗೆ, ಒಂದು ಎಳೆ ಹೊರಗೆ ಕಾಣದು. ರೇಸು ಕಿತ್ತೂರಿನಿಂದ ರಾಮದುರ್ಗಕ್ಕೆ, ನಮ್ಮೂರ ಮೇಲೆ, ಮುನವಳ್ಳಿ ಸವದತ್ತಿ ಹಾಯ್ದು. ಹೊರಡುವ ಮುಂಜಾನೆ ಗಾಲಿಗೆ ನಿಂಬೆಹಣ್ಣು ಇಟ್ಟರು, ಕಾಯಿ ಒಡೆದರು, ವಿಭೂತಿ ಹಚ್ಚುವ ಪಾಳಿ ನನ್ನದು, ಎಲ್ಲಿ ಹಚ್ಚಲಿ, ಎತ್ತಿಗಾದರೆ ಹಣೆ ಇದೆ, ಟ್ರ್ಯಾಕ್ಟರಿಗಾದರೆ ಬಾನೆಟ್ ಇದೆ, ಇದಕ್ಕೆ ಮೇಲೆಲ್ಲ ಬರೀ ಪ್ಲೇಟು, ನಾಲ್ಕು ಪ್ಲೇಟು ನಾಲ್ಕು ಹಣೆ ಅಂದುಕೊಂಡೆ, ಗಟ್ಟಿಯಾಗಿ ಕಲಸಿ ಒಂದೊಂದಕ್ಕೂ ಮೂರು ಬೆರಳು ಎಳೆದೆ, ಕಪ್ಪು ನೀಲಿ ಗಾಜಿನ ಮೇಲೆ ಮೂರು ಬಿಳಿ ಗೆರೆ, ಎಷ್ಟು ಚೆಂದ ಕಂಡಿತ್ತು, ಒಣಗಿದ ಮೇಲೆ ಇನ್ನೂ ಬೆಳ್ಳಗೆ — ಮುನವಳ್ಳಿ ದಾಟುವ ತನಕ ಬ್ಯಾಟರಿಯ ಜೀವದ ಮೇಲೆ ಓಡಿತು, ಸವದತ್ತಿ ಏರಿನಲ್ಲಿ ನಿಂತೇಬಿಟ್ಟಿತು, ಮಟಮಟ ಬಿಸಿಲು, ಆದರೂ ಪ್ಲೇಟಿನಿಂದ ಕರೆಂಟು ಬರವಲ್ಲದು, ಉಮಾಶ್ರೀ ಇಳಿದು ರಸ್ತೆ ಬದಿಗೆ ಕೂತಳು, ಅಳಲಿಲ್ಲ, ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಅದರ ಬೆಲ್ಟನ್ನು ಬಿಚ್ಚುತ್ತ ಹಾಕುತ್ತ ಇದ್ದಳು. ರೇಸಿನ ಪಂಚರು ಜೀಪಿನಿಂದ ಇಳಿದು ಬಂದು, ವೈರಿಂಗ್ ಬರೋಬರಿಲ್ಲ ಅಂತ ಬರೆದುಕೊಂಡರು. ಅಷ್ಟೇ. ಒಂದು ಸಾಲು. ಆ ಸಾಲು ಊರಿಗೆ ನಮಗಿಂತ ಮೊದಲು ಮುಟ್ಟಿತ್ತು, ಚಹಾದಂಗಡಿ ಶಂಕ್ರೆಪ್ಪ ದಸ್ತಗೀರನನ್ನು ನೋಡಿ, ಬರ್ರಿ ಸಾಹೇಬ್ರ, ಸೂರ್ಯಾಂದಽ ಫ್ಯೂಜ್ ಹಾರಿಸಿ ಬಂದ್ರೆಲಾ ಅಂದ, ಎಲ್ಲರೂ ನಕ್ಕರು, ದಸ್ತಗೀರನೂ ನಕ್ಕ, ನಾಕ ದಿನ ಕತ್ತಲೀನೂ ನೋಡ್ರಿ ಅಂದ. ನಾನೂ ನಕ್ಕೆ. ಆಗ ನನಗೆ ಗೊತ್ತಿರಲಿಲ್ಲ, ಅದೊಂದು ಸಮಾಧಾನ, ಆಗ ನಿಜಕ್ಕೂ ಗೊತ್ತಿರಲಿಲ್ಲ.

ಗೊತ್ತಾದದ್ದು ತೊಂಬತ್ತೊಂಬತ್ತರಲ್ಲಿ, ಎರಡನೇ ಗಾಡಿ, ಅಲ್ಯೂಮಿನಿಯಂ ಪೈಪು, ಮೂರು ಗಾಲಿ, ನನ್ನ ಕಬ್ಬಿಣ ಅರ್ಧಕ್ಕರ್ಧ ಕಡಿಮೆ, ವೈರಿಂಗಿಗೆ ಧಾರವಾಡದಿಂದ ಬೇರೆ ಮಿಸ್ತ್ರಿ ಬಂದಿದ್ದ, ದಸ್ತಗೀರ ತನ್ನ ಅಂಗಡಿಯಿಂದ ಎಲ್ಲರಿಗೂ ಚಹಾ ಕಳಿಸಿದ್ದ, ತಾನು ಬರಲಿಲ್ಲ. ಮುನವಳ್ಳಿ ರಸ್ತೆಯಲ್ಲಿ ಓಡಿಸಿ ನೋಡುವಾಗ ಪ್ಲೇಟಿನ ಮೇಲೆ ಕಾಗೆ ಹಿಕ್ಕೆ ಹಾಕಿತು, ಮೀಟರಿನ ಮುಳ್ಳು ದಡಕ್ಕನೆ ಇಳಿಯಿತು, ಹುಡುಗನೊಬ್ಬ ಒರೆಸಿದ, ಮುಳ್ಳು ಏರಿತು. ಅಷ್ಟಕ್ಕಽ ಹಿಂಗ್ಯಾಕಪಾ ಅಂತ ಕೇಳಿದೆ. ಪ್ಲೇಟಿನ ಚೌಕ ಎಲ್ಲಾ ಒಂದ ಸಾಲಿನ್ಯಾಗ ಕೂಡಿಸಿರತಾರ್ರಿ ಕಾಕಾ, ಒಂದ ಚೌಕ ಮುಚ್ಚಿದ್ರ ಆ ಸಾಲೆಲ್ಲಾ ಕುರುಡ ಆಗತೈತ್ರಿ ಅಂದ. ನನ್ನ ವಿಭೂತಿಯ ಮೂರು ಬಿಳಿ ಗೆರೆ, ನಾಲ್ಕು ಹಣೆ, ನಾಲ್ಕು ಸಲ ಕುರುಡು. ಆ ಸಂಜೆಯೇ ಹೇಳಬೇಕಿತ್ತು. ಅವನ ಅಂಗಡಿ ತನಕ ಹೋದೆ, ಅವನು ಬ್ಯಾಟರಿಗೆ ನೀರು ಹಾಕುತ್ತಿದ್ದ, ಬಾ ನಿಜಗುಣ, ಹೆಂಗ ಓಡತು ಅಂದ, ಚಲೋ ಓಡತು ಅಂದು ಬಂದುಬಿಟ್ಟೆ. ನಾಳೆ ಅಂದುಕೊಂಡೆ. ಅಂಥ ನಾಳೆಗಳಲ್ಲಿ ಎಂಟು ವರ್ಷ ಹೋದವು, ಈ ನಡುವೆ ಅವನ ಮಗ ಶಾಕೀರನ ಮದುವೆಯಲ್ಲಿ ನಾನೇ ಮುಂದೆ ನಿಂತೆ, ನನ್ನ ಹೆಂಡತಿ ಚನ್ನವ್ವನ ಕಣ್ಣಿನ ಆಪರೇಶನ್ನಿಗೆ ಅವನೇ ಬೆಳಗಾವಿ ತನಕ ಬಂದ, ಬಸ್ಸಿನಲ್ಲಿ ಎರಡು ತಾಸು ಪಕ್ಕಕ್ಕೇ ಕೂತಿದ್ದೆ, ಎಲ್ಲ ಮಾತಾಡಿದೆವು, ಅದೊಂದು ಬಿಟ್ಟು. ಎರಡು ಸಾವಿರದ ಮೂರರಲ್ಲಿ ಮೂರನೇ ಗಾಡಿ, ಫೈಬರಿನದು, ಮೀನಿನ ಹಾಗೆ, ಅದರಲ್ಲಿ ನನ್ನದು ಬಾಗಿಲಿನ ಎರಡು ಬಿಜಾಗರಿ ಅಷ್ಟೇ. ಈಗಿನದರಲ್ಲಿ ಅದೂ ಇಲ್ಲ, ಕರೀ ಬಟ್ಟೆಗೆ ಅಂಟು ಕುಡಿಸಿ ಗಟ್ಟಿ ಮಾಡುತ್ತಾರಂತೆ, ಇಬ್ಬರು ಎತ್ತುತ್ತಾರೆ, ನನಗೆ ಅದರ ಬಗ್ಗೆ ದುಃಖವಿಲ್ಲ, ಗಾಡಿ ಹಗುರಾಗಬೇಕು, ಅದು ಅದರ ಧರ್ಮ —

ನಿಂತಿತು. ಉಮಾಶ್ರೀ ಹಿಂದಿನ ಜೀಪಿನಿಂದ ಇಳಿಯುತ್ತಿದ್ದಾಳೆ, ಈಗ ಅವಳೇ ತಂಡದ ಮೇಡಮ್ಮು, ಕಿವಿಯ ಹತ್ತಿರ ಒಂದೆರಡು ಕೂದಲು ಬೆಳ್ಳಗಾಗಿವೆ, ಕಾಕಾ, ಆರಾಮ ಅದೀರಿ, ದಸ್ತಗೀರ ಕಾಕಾನ್ನೂ ಕರೀರಿ, ನಿಮ್ಮಿಬ್ಬರ ಕೈ ಮುಟ್ಟದ ಗಾಡಿ ಈ ಊರು ದಾಟಬಾರದ್ರಿ. ದಸ್ತಗೀರ ಬಂದ, ಕೈಯಲ್ಲಿ ಎಣ್ಣೆ ಅರಿವೆ, ಗಾಡಿಯನ್ನು ಒಂದು ಸುತ್ತು ಹಾಕಿದ, ಬಾಗಿ ಒಳಗೆ ವೈರು ನೋಡಿದ, ಚಲೋ ಮಾಡ್ಯಾರ ಅಂದ, ಬೇರೆಯವರ ಮದುವೆಯಲ್ಲಿ ಊಟ ಚಲೋ ಇದೆ ಅಂದ ಹಾಗೆ. ಶಂಕ್ರೆಪ್ಪ ಅಂಗಡಿಯಿಂದಲೇ, ಮೇಡಮ್ಮಾರ, ಸಾಹೇಬರನ್ನ ದೂರ ನಿಂದರಸ್ರಿ, ಫ್ಯೂಜ್ ಹಾರೀತು — ಹನ್ನೊಂದು ವರ್ಷವಾದರೂ ಅದೇ ಮಾತು, ಅದೇ ನಗು. ಈಗ ಹೇಳುತ್ತೇನೆ, ಇಬ್ಬರೂ ಇದ್ದಾರೆ, ಶಂಕ್ರೆಪ್ಪನೂ ಕೇಳಲಿ, ತಪ್ಪು ವೈರಿನದಲ್ಲ, ಇವನದಲ್ಲ, ನಂದು, ಇಷ್ಟೇ ತಾನೆ, ನಾಲ್ಕು ಮಾತು, ನಾಲಿಗೆಯ ತುದಿಗೆ ಬಂದಿದೆ, ಉಮಾಶ್ರೀ ಕಲಸಿದ ವಿಭೂತಿಯ ತಾಟು ಮುಂದೆ ಹಿಡಿದಿದ್ದಾಳೆ, ಮೊದಲನೇದಕ್ಕ ನೀವ ಹಚ್ಚಿದ್ರಿ ಕಾಕಾ, ಇದಕ್ಕೂ ನೀವ ಹಚ್ರಿ, ವಿಭೂತಿಯಲ್ಲಿ ಮೂರು ಬೆರಳು ಅದ್ದಿದ್ದೇನೆ, ತಣ್ಣಗಿದೆ, ಬಾಯಿ ತೆರೆದಿದ್ದೇನೆ, ದಸ್ತಗೀರ ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ, ನನ್ನ ಮುಖವನ್ನೂ ನೋಡದೆ, ಪ್ಲೇಟಿನ ಮ್ಯಾಲ ಬ್ಯಾಡೋ ನಿಜಗುಣ, ಗಾಲಿಗೆ ಹಚ್ಚು ಅಂದ — ಗಾಲಿಗೆ ಹಚ್ಚು ಅಂದ, ಅಂದರೆ ಇವನಿಗೆ, ಯಾವಾಗಿನಿಂದ, ಬಸ್ಸಿನಲ್ಲಿ ಕೂತಾಗ ಗೊತ್ತಿತ್ತೆ, ಚಹಾ ಕಳಿಸಿದಾಗ, ಆ ಏರಿನಲ್ಲಿ ಪಂಚರು ಬರೆದುಕೊಳ್ಳುತ್ತಿದ್ದಾಗಲೇ — ಬಿಸಿಲು ಸುಡುತ್ತಿದೆ, ಮೂರು ಬೆರಳು ಗಾಳಿಯಲ್ಲಿ ನಿಂತಿವೆ, ಒದ್ದೆ ಆರುತ್ತಿದೆ, ಬೆಳ್ಳಗಾಗುತ್ತಿದೆ, ಮೂರು ಬಿಳಿ ಗೆರೆ, ಮೂರು ಬಿಳಿ —