ಕೆಡಬಾರದೆಂದು ಹಾಕಿದ ಉಪ್ಪು

ಪರ್ರೆಂದು ಏನೋ ಹರಿದ ಸದ್ದು, ಬಟ್ಟೆಯಲ್ಲ, ಸಾಲಿನ ಮುಂದಿದ್ದ ಮುದುಕಿಯ ತೋಳಿನಿಂದ ನರ್ಸ್ ಬಿಪಿ ಪಟ್ಟಿ ಬಿಚ್ಚಿದ್ದು, ಇನ್ನು ಗೌತಮನ ಪಾಳಿ — ರಾಯಚೂರಿನ ಈ ದವಾಖಾನೆಗೆ ಬಸ್ಸಿನಲ್ಲಿ ತಲೆ ಹಿಡಿದುಕೊಂಡೇ ಬಂದ ಮೈದುನ ಈಗ ಎದ್ದು ನಿಂತಿದ್ದಾನೆ, ಹೋಗೋಣ ಬಾ ಅತ್ತಿಗಿ, ಗುಳಿಗಿ ತಗೊಂಡ್ರ ಹೋಗ್ತದ, ಇವನ ಅಣ್ಣನೂ ಹೀಗೇ ಅಂದಿದ್ದ, ಅಂಬಿಕಾ ಅವನ ಅಂಗಿಯ ತುದಿ ಹಿಡಿದಿದ್ದಾಳೆ, ಬಿಟ್ಟರೆ ಇವನೂ — ಬಿಡುವುದಿಲ್ಲ. ದೇವದುರ್ಗದ ಆ ಡಾಕ್ಟರು ಅವಳ ಗಂಡ ಅಂಬರೇಶನನ್ನು ಮೊದಲು ಕೇಳಿದ್ದು ಯಾವ ಓಣಿ ಎಂದು, ನೋವು ಎಲ್ಲಿ ಎಂದಲ್ಲ, ಓಣಿ ಗೊತ್ತಾದ ಮೇಲೆ ಡಾಕ್ಟರ ಕೈ ಜೇಬಿಗೆ ಹೋಯಿತು, ನಾಡಿ ಹಿಡಿಯಲೂ ಹೊರಬರಲಿಲ್ಲ, ನಿಮ್ಮ ಮಂದಿ ಕುಡ್ಯೋದು ಬಿಟ್ರ ಅರ್ಧ ಬ್ಯಾನಿ ಹೋಗ್ತಾವೋ, ಎಂದೂ ಕುಡಿಯದವನು ಹೂಂ ರೀ ಎಂದು ಎದ್ದು ಬಂದ, ಮತ್ತೆ ಯಾವ ದವಾಖಾನೆಗೂ ಕಾಲಿಡಲಿಲ್ಲ, ಸುಗ್ಗಿ ಮುಗಿಯುವುದರೊಳಗೆ ಲಕ್ವಾ, ಬಾಯಿ ಒಂದು ಕಡೆ, ಅವಳ ಹೆಸರು ಕರೆಯಲು ಹೋಗಿ ಅರ್ಧಕ್ಕೇ ನಿಂತಿತು. ಮಾವ ಪಕೀರಪ್ಪ ಹೋದದ್ದೂ ಹಾಗೇ ಎಂದು ಅತ್ತೆ ಬೂದೆಮ್ಮ ಬಾಯಿ ಬಿಟ್ಟದ್ದು ಮಗನ ಮಣ್ಣು ಮುಗಿದ ಮೇಲೆ, ಊರು ಕುಡಿದು ಸತ್ತ ಅಂದಿತ್ತು, ಮನೆ ಸುಮ್ಮನಿತ್ತು — ಎಂ.ಎ. ಓದಿದವಳು ನೀನಾದರೂ ಕೇಳಬೇಕಿತ್ತು, ಅನ್ನುತ್ತದೆ ಅವಳದೇ ಮನಸ್ಸು, ಮದುವೆಯಾಗಿ ಬಂದವಳು ಸತ್ತವರ ರೋಗ ಕೇಳುತ್ತಾಳೆಯೇ, ಈಗ ಮನೆಯಲ್ಲಿ ಅವಳು ಮಾಡುವ ಸಾರಿಗೆ ಉಪ್ಪು ಕಡಿಮೆ, ಉಪ್ಪು ಹಚ್ಚಿದ ಮಾಂಸದ, ಒಣ ಖಂಡದ, ಗಡಿಗೆ ಅಟ್ಟಕ್ಕೆ, ಬೂದೆಮ್ಮ ತಾಟು ದೂಡುತ್ತಾಳೆ, ಇದೇನ ಬೇ, ಎಮ್ಮಿ ಮುಸುರಿ, ಆಮೇಲೆ ತಾನಾಗಿಯೇ, ಗೋಡೆಗೆ ಹೇಳುವ ಹಾಗೆ, ನಮಗ ಹಸಿ ಖಂಡ ಯಾರು ಕೊಡ್ತಿದ್ರು, ಸತ್ತ ದನದ್ದು ಸಿಕ್ಕಾಗ ಕೆಡಬಾರದಂತ ಉಪ್ಪು ಹಾಕಿ ಒಣಗಸ್ತಿದ್ವಿ, ಅದ ರುಚಿ ಆತು.

ಬರ್ರಿ ಅಣ್ಣಾ, ನರ್ಸ್ ಕರೆಯುತ್ತಾಳೆ, ಮನ್ಯಾಗ ಯಾರಿಗರ ಬಿಪಿ, ಲಕ್ವಾ? ಇಲ್ರಿ, ಅನ್ನುತ್ತಾನೆ ಗೌತಮ, ಮಾನ್ವಿಯಲ್ಲಿ ಅವನಿಗೆ ಹೆಣ್ಣಿನ ಮಾತು ನಡೆದಿದೆ, ರೋಗದ ಮನೆತನ ಎಂದು ತಿಳಿದರೆ ಮುರಿದೀತೆಂಬ ಅವನ ಹೆದರಿಕೆ ಅವಳಿಗೆ ಗೊತ್ತು, ಆದರೂ ಬಾಯಿ ತಾನೇ ತೆರೆಯುತ್ತದೆ, ಇವ್ರಪ್ಪಗ ಲಕ್ವಾ ಹೊಡದಿತ್ರಿ, ಅಣ್ಣಗೂ, ನನ್ನ ಗಂಡಗ — ವರ್ಷದಿಂದ ಗಟ್ಟಿಯಾಗಿ ಆಡದ ಮಾತು, ಸಾಲಿನವರು ತಿರುಗುತ್ತಾರೆ, ಗೌತಮ ನೆಲ ನೋಡುತ್ತಾನೆ, ನರ್ಸ್ ಯಾವ ಓಣಿ ಎಂದು ಕೇಳುವುದಿಲ್ಲ, ಅಂಗಿಯ ತೋಳು ಮೇಲೆ ಸರಿಸಿ ಪಟ್ಟಿ ಸುತ್ತುತ್ತಾಳೆ, ಪಟ್ಟಿ ಉಬ್ಬುತ್ತದೆ, ಇಳಿಯುತ್ತದೆ, ಭಾಳ ಮ್ಯಾಲ ತೋರಸ್ತದ, ಇನ್ನೊಮ್ಮೆ ನೋಡೂಣ್ರಿ, ಉಬ್ಬುತ್ತದೆ, ಇಳಿಯುತ್ತದೆ, ಇನ್ನೊಮ್ಮೆ, ಈ ಕೈ ಅಂಬರೇಶನದೇ, ಅದೇ ನರ, ಅದೇ ಕಪ್ಪು, ಮಣಿಕಟ್ಟಿನ ಮೇಲೆ ನರ್ಸಿನ ಎರಡು ಬೆರಳು, ತೆಗೆಯುವುದಿಲ್ಲ, ಉಬ್ಬುತ್ತದೆ, ಎರಡು ಬೆರಳು, ಅಲ್ಲೇ, ಎರಡು ಬೆರಳು —