ನಲವತ್ತೇಳನೆಯ ಹೆಸರು

ಈಗಲೇ ಹೇಳಿಬಿಡಲೇ, ಎಲ್ಲ ಮುಗಿದ ಮೇಲೆ ಹೇಳಲೇ? ಮುಗಿದ ಮೇಲೆ ಹೇಳಿದರೆ ಅದರಿಂದ ಯಾರಿಗೇನು? ಹೀಗೆ ಯೋಚಿಸುತ್ತಲೇ ಆಸ್ಪತ್ರೆಯ ನರ್ಸು ಕುರ್ಚಿಗಳನ್ನು ಎರಡೆರಡಾಗಿ ಸಾವಿನ ಮನೆಯ ಅಂಗಳಕ್ಕೆ ತಂದಿಡುತ್ತಿದ್ದ. ವಾರ್ಡಿನಲ್ಲಿ ಎಲ್ಲರಿಗೂ ಅವನು ಬ್ರದರ್. ಸತ್ತವಳ ಮನೆಯವರೂ ಹಾಗೆಯೇ ಕರೆಯುತ್ತಿದ್ದರು.

ಮುಂದಿನ ಕೋಣೆಯಲ್ಲಿ ಲಾಂಡ್ರಿ ಅಕ್ಕನನ್ನು ಮಲಗಿಸಿದ್ದರು. ಮೂವತ್ತೊಂದು ವರ್ಷ ಅದೇ ಆಸ್ಪತ್ರೆಯ ಚಾದರಗಳನ್ನು ಒಗೆದು, ಇಸ್ತ್ರಿ ಮಾಡಿ, ಮಡಚಿಟ್ಟವಳು. ಸೊಂಟ ಮುರಿದು ಅಲ್ಲಿಗೇ ಸೇರಿದಾಗಲೂ ಚಾದರದ ಮೂಲೆ ಎಳೆದು ನೋಡಿ, "ಇದನ್ನ ಮಡಚಿದ್ದಾರೋ, ಸುತ್ತಿ ಬಿಸಾಕಿದ್ದಾರೋ?" ಎಂದು ಗದರಿದ್ದಳು. ಸೊಂಟ ಕೂಡಿಕೊಳ್ಳುತ್ತಿತ್ತು. ಅಷ್ಟರಲ್ಲಿ ಫ್ಲೂ ಬಂತು. ಆರೇ ದಿನಕ್ಕೆ ಹೋದಳು.

"ನಾನು ಮಡಚಿದ್ದನ್ನ ಒಂದು ದಿನವಾದ್ರೂ ಒಪ್ಪಿದ್ಲಾ?" ಎಂದಳು ಲಾಂಡ್ರಿಯ ಹಳೆಯ ಜೊತೆಗಾತಿ, ಶವಕ್ಕೆ ಹೊದಿಸಿದ ಬಟ್ಟೆಯ ಸುಕ್ಕು ತೀಡುತ್ತ. "ಬಿಚ್ಚಿ ಮತ್ತೆ ತಾನೇ ಮಡಚೋಳು." ನಗಲು ಹೋದಳು, ಆಗಲಿಲ್ಲ.

ಮಗಳು ಗೋಡೆಗೊರಗಿ ಕೂತಿದ್ದಳು. ಹೊಲಿಗೆ ಕಾರ್ಖಾನೆಯ ದೂಳಿಗೆ ಅವಳಿಗೆ ವರ್ಷವಿಡೀ ಒಣಕೆಮ್ಮು. ಸೋದರಮಾವ ನೆಲ ನೋಡುತ್ತ ಹೇಳಿದ:

"ಶುಕ್ರವಾರ ನೀನು ಕೆಮ್ಮಿಕೊಂಡು ಅವಳ ಹತ್ರ ಹೋಗ್ಬಾರದಿತ್ತು ಕಣಮ್ಮ."

"ಗೊತ್ತು ಮಾವ."

"ಬೈತಿಲ್ಲ. ಹೇಳ್ದೆ ಅಷ್ಟೆ."

ಅವಳು ತಲೆಯೆತ್ತಿ ಬಾಗಿಲಲ್ಲಿ ನಿಂತವನನ್ನು ನೋಡಿದಳು. "ಬ್ರದರ್, ನೀವೇ ಹೇಳಿ. ನನ್ನಿಂದ್ಲೇ ಅಲ್ವಾ?"

*

ಚಳಿಗೆ ಮುಂಚೆಯೇ ದೊಡ್ಡ ಸಿಸ್ಟರ್ ಫ್ಲೂ ಲಸಿಕೆಯ ಪಟ್ಟಿಯನ್ನು ಅವನ ಕೈಗೆ ಕೊಟ್ಟಿದ್ದರು. ವಾರ್ಡಿಗೆ ಬಂದುಹೋಗುವ ಸಿಬ್ಬಂದಿ ನಲವತ್ತೇಳು ಜನ. ಲಿಫ್ಟ್ ನಡೆಸುವವನು ಎರಡು ದಿನ ತಪ್ಪಿಸಿಕೊಂಡು ಓಡಾಡಿದ.

"ನಾನು ಕಲ್ಲುಗುಂಡಿನ ಹಾಗಿದ್ದೀನಿ ಬ್ರದರ್. ನನಗ್ಯಾವ ಫ್ಲೂ?"

"ಅದಕ್ಕೇ ಭಯ. ನೀನು ಮೂಗೊರೆಸ್ಕೊಂಡು ಓಡಾಡ್ತಿರ್ತೀಯ, ಹಾಸಿಗೆ ಮೇಲಿರೋರು ಹೋಗ್ಬಿಡ್ತಾರೆ. ವಯಸ್ಸಾದೋರಿಗೆ ಲಸಿಕೆ ಹಾಕಿದ್ರೂ ಅಷ್ಟಾಗಿ ಹಿಡಿಯಲ್ಲ. ಅವರನ್ನ ಮುಟ್ಟೋ ನಾವು ಹಾಕಿಸ್ಕೋಬೇಕು. ತೋಳು ತೋರ್ಸು."

"ಜ್ವರ ಬಂದ್ರೆ ನಿಮ್ಮನೆಗೇ ಬಂದು ಮಲಗ್ತೀನಿ ನೋಡಿ," ಎಂದು ಅವನು ಅಂಗಿ ಸರಿಸಿದ.

ನಲವತ್ತಾರು ಜನರಿಗೆ ಚುಚ್ಚುವ ಹೊತ್ತಿಗೆ ಪಾಳಿ ಮುಗಿದಿತ್ತು. ಒಂದು ಸಿರಿಂಜ್ ಉಳಿದಿತ್ತು, ಅವನದು. ಅವನಿಗೆ ಚುಚ್ಚಬೇಕಾದ ಸಿಸ್ಟರ್ ರೌಂಡ್ಸಿಗೆ ಹೋಗಿದ್ದರು. ನಾಳೆ ಹಾಕಿಸಿಕೊಂಡರಾಯಿತು ಎಂದುಕೊಂಡು ತನ್ನ ಹೆಸರಿನ ಮುಂದೆಯೂ ಗುರುತು ಹಾಕಿ ಪಟ್ಟಿ ಒಪ್ಪಿಸಿದ. ಮರುದಿನ ಯಾರೂ ಕೇಳಲಿಲ್ಲ. ಪಟ್ಟಿಯಲ್ಲಿ ಆಗಿತ್ತಲ್ಲ. ಅದರ ಮರುದಿನ ಅವನೂ ತನ್ನನ್ನು ಕೇಳಿಕೊಳ್ಳಲಿಲ್ಲ.

ಚಳಿಗಾಲದ ಆ ಬುಧವಾರ ಅವನ ಮೈ ಕಾಯುತ್ತಿತ್ತು. ಮಾತ್ರೆ ನುಂಗಿ ಕೆಲಸಕ್ಕೆ ಬಂದು ಲಾಂಡ್ರಿ ಅಕ್ಕನಿಗೆ ಊಟ ಮಾಡಿಸುತ್ತಿದ್ದ.

"ಕಣ್ಣು ಕೆಂಪಾಗಿದೆಯಲ್ಲೋ. ಮನೆಗೆ ಹೋಗಿ ಮಲಕ್ಕೋ."

"ಏನಿಲ್ಲ ಅಕ್ಕ. ನನಗೆ ಇಂಜೆಕ್ಷನ್ ಆಗಿದೆ."

"ಹಾಗಿದ್ರೆ ಸರಿ," ಎಂದು ಅವಳು ಮುಂದಿನ ಚಮಚಕ್ಕೆ ಬಾಯಿ ತೆರೆದಳು.

ಗುರುವಾರ ಅವಳ ಅಕ್ಕಪಕ್ಕದ ಎರಡೂ ಹಾಸಿಗೆಯವರಿಗೆ ಜ್ವರ ಬಂತು. ಮಗಳು ಬಂದದ್ದು ಶುಕ್ರವಾರ. ಅಕ್ಕನೂ ಸೇರಿ ಆ ಮೂರು ಹಾಸಿಗೆಯವರಿಗೂ ಊಟ ಮಾಡಿಸುತ್ತಿದ್ದವನು ಅವನೊಬ್ಬನೇ.

*

"ಬ್ರದರ್?"

"ಫ್ಲೂ ಎಲ್ಲಿಂದ ಬೇಕಾದ್ರೂ ಬರ್ಬೋದು," ಎಂದ. "ಇಂಥವರಿಂದ್ಲೇ ಅಂತ ಹೇಳೋಕಾಗಲ್ಲ."

"ನನಗೆ ನೋವಾಗ್ಬಾರ್ದು ಅಂತ ಹಾಗಂತೀರಿ." ಅವಳು ಎದ್ದು ಬಂದು ಅವನ ಕೈ ಹಿಡಿದುಕೊಂಡಳು. "ನೀವು ಒಳ್ಳೆಯವರು ಅಂತ ಅಮ್ಮನೂ ಹೇಳ್ತಿದ್ಲು."

ಹೆಣದ ಗಾಡಿ ಬಂತು. ಅವನೂ ಒಂದು ಕಡೆ ಹೆಗಲು ಕೊಟ್ಟ. ಮಗಳು ಒಳಗೆ ತಾಯಿಯ ತಲೆಯ ಬಳಿ ಕೂತಳು. ಕೂತೊಡನೆ ಕೆಮ್ಮು ಬಂತು. ಅವಳು ಗಾಬರಿಯಾಗಿ ಮುಖವನ್ನು ಅತ್ತ ತಿರುಗಿಸಿ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೆಮ್ಮಿದಳು, ತಾಯಿಗೆ ತಾಗದ ಹಾಗೆ.

ಬ್ರದರ್ ಹೊರಗಿನಿಂದ ಗಾಡಿಯ ಬಾಗಿಲು ಹಾಕಿದ. ಜ್ವರ ತಂದವನು ನಾನು ಎಂದು ಅವನು ಅವಳಿಗೆ ಆ ದಿನ ಹೇಳಲಿಲ್ಲ. ಆಮೇಲೂ ಹೇಳಲಿಲ್ಲ.