ಮಾನ್‌ಸೊಕ್‌ನ ಪಾಲಿನ ಅಕ್ಕಿ

ಚಮಚದ ಅಂಚಿನಲ್ಲಿ ಒಂದು ಕಾಳು ನಿಂತಿದೆ, ಬೀಳುತ್ತಲೂ ಇಲ್ಲ, ಒಳಕ್ಕೆ ಜಾರುತ್ತಲೂ ಇಲ್ಲ, ಒಲೆಯ ಬೆಳಕು ತಾಗಿ ಕೆಂಪಗಾಗಿದೆ, ಇನ್‌ಸುಕ್ ಉಸಿರು ಬಿಗಿಹಿಡಿದಳು, ಕೈ ಅಲುಗಿದರೆ ಈ ಕಾಳೇ ಅವಳ ಬದಲು ತೀರ್ಮಾನ ಮಾಡಿಬಿಡುತ್ತದೆ — ದೇವರಕ್ಕಿಯ ಚೀಲಕ್ಕೆ ಆಗಲೇ ಮೂರು ಚಮಚ ಬಿದ್ದಿದೆ, ಅತ್ತೆಯದು, ತನ್ನದು, ಒಳಗೆ ಬೆಚ್ಚನೆಯ ನೆಲದ ಮೇಲೆ ಮುಷ್ಟಿ ಬಿಗಿದು ಮಲಗಿರುವ ಮಗು ಉನ್ಹೆಯದು, ಉಳಿದದ್ದು ಇದೊಂದೇ, ಗಂಡ ಮಾನ್‌ಸೊಕ್‌ನದು, ಅತ್ತೆ ಹಾಕುವಾಗ ಮಗನದು ಎರಡನೆಯದು, ಇಂದು ಅದನ್ನೇ ಕೊನೆಗೆ ತಳ್ಳಿದ್ದೇಕೆ, ಕೈ ಹೆದರಿತೇನು, ಊರಿನಲ್ಲಿ ಚರ್ಚಿಗೆ ಹೋಗುವ ಮನೆಗಳಲ್ಲೆಲ್ಲ ಇದೇ ರೂಢಿ, ಅನ್ನಕ್ಕಿಡುವ ಮೊದಲು ಮನೆಯಲ್ಲಿ ಎಷ್ಟು ಬಾಯಿಯೋ ಅಷ್ಟು ಚಮಚ ಅಕ್ಕಿ ದೇವರಿಗೆ ಎತ್ತಿಡುವುದು, ಭಾನುವಾರ ಚೀಲ ಹೊತ್ತು ಹೋಗಿ ಸುರಿದು ಬರುವುದು, ಅದರಲ್ಲಿ ಪಾಸ್ಟರ್ ಮನೆಯವರೂ ಉಣ್ಣುತ್ತಾರೆ, ಇಲ್ಲದವರೂ ಉಣ್ಣುತ್ತಾರೆ, ಮನೆಗೆ ಬಾರ್ಲಿಯೇ ಗತಿಯಾದ ದಿನಗಳಲ್ಲೂ ಅತ್ತೆ ಬಾರ್ಲಿಯನ್ನು ಪಕ್ಕಕ್ಕೆ ಸರಿಸಿ ಬಿಳಿ ಅಕ್ಕಿಯನ್ನೇ ಹುಡುಕಿ ಎತ್ತುತ್ತಿದ್ದರು, ಮಾನ್‌ಸೊಕ್ ನಗುತ್ತಿದ್ದ, ಉನ್ಹೆ ಇನ್ನೂ ಹೊಟ್ಟೆಯಲ್ಲಿದ್ದಾಗಲೇ ಒಂದು ಚಮಚ ಹೆಚ್ಚಾದದ್ದು ನೋಡಿ, ಅಮ್ಮಾ, ಅದಿನ್ನೂ ಬಾಯೇ ತೆರೆದಿಲ್ಲ, ಆಗಲೇ ಪಾಲು ಕೊಡ್ತಿದ್ದೀಯಲ್ಲ, ಅಂದಿದ್ದ, ಸುಮ್ನಿರೋ, ನಿನಗೂ ಹೀಗೇ ಹಾಕಿದ್ದೆ, ಅದಕ್ಕೇ ಇಷ್ಟು ಬಾಯಿ ಬಂದಿರೋದು, ಅಂದಿದ್ದರು ಅತ್ತೆ.

ಆ ಬಾಯಿ ಈಗ ಎಲ್ಲಿದೆಯೋ. ಸ್ಕ್ವಿಡ್ ಮೀನು ಹಿಡಿಯಲು ಅವನು ಹೊರಟ ದೋಣಿ, ಬಿರುಗಾಳಿ ಬಂತು, ಉಳಿದ ದೋಣಿಗಳೆಲ್ಲ ಒಂದೊಂದಾಗಿ ದಡ ಸೇರಿದವು, ಅದೊಂದು ಬರಲಿಲ್ಲ, ಮಳೆಗಾಲ ಹೋಗಿ ಚಳಿ ಬಂತು, ಸಾಲು ಕಟ್ಟಿ ಒಣಹಾಕಿದ ಮೀನಿನ ಮೇಲೆ ಹಿಮ ಕೂತಿತು, ಅತ್ತೆಯ ಚಮಚ ಮಾತ್ರ ಕಮ್ಮಿಯಾಗಲಿಲ್ಲ, ನಿನ್ನೆ ಬೆಳಗಿನವರೆಗೂ — ಆಮೇಲೆ ನಿನ್ನೆಯೇ ಆ ಹಲಗೆ, ದಡದ ಕಲ್ಲುಗಳ ನಡುವೆ ಸಿಕ್ಕಿಕೊಂಡಿತ್ತಂತೆ, ದೋಣಿಯ ಹೆಸರಿನ ಅರ್ಧ ಅದರ ಮೇಲೆ, ಉಳಿದರ್ಧ ಕಡಲಿನ ಹತ್ತಿರ, ಜನ ಸುತ್ತ ಸೇರಿದ್ದರು, ಅತ್ತೆ ಬಗ್ಗಿ ಲಂಗದ ಅಂಚಿನಿಂದ ಮರಳು ಒರೆಸಿದರು, ಹೆಗಲ ಮೇಲಿಟ್ಟುಕೊಂಡು ಮನೆಗೆ ತಂದು ಗೋಡೆಗೆ ಒರಗಿಸಿದರು, ಹಲಗೆ ತನ್ನ ಸುದ್ದಿ ಹೇಳ್ತು, ನನ್ನ ಮಗನ ಸುದ್ದಿ ಹೇಳಲಿಲ್ಲ, ಅಂದರು, ಒಂದು ಹನಿ ಕಣ್ಣೀರಿಲ್ಲ, ಇನ್‌ಸುಕ್‌ಗೆ ಆಗ ಸಿಟ್ಟೇ ಬಂದಿತ್ತು, ಇದೇನು ಕಲ್ಲೋ ಮನುಷ್ಯಳೋ ಅಂತ, ಆದರೆ ಬೆಳಗಿನ ಜಾವ ಚರ್ಚಿನ ಗಂಟೆ ಹೊಡೆದಾಗ ಪ್ರಾರ್ಥನೆಗೆ ಹೊರಟು ನಿಂತ ಅತ್ತೆ ಬಾಗಿಲಲ್ಲೇ ತಿರುಗಿದರು, ಅಷ್ಟು ವರ್ಷ ಯಾರ ಕೈಗೂ ಕೊಡದ ಹಿತ್ತಾಳೆ ಚಮಚವನ್ನು, ಸೀದ ಅನ್ನ ಕೆರೆದು ಕೆರೆದು ಒಂದು ಬದಿ ಸವೆದ ಚಮಚವನ್ನು, ಇನ್‌ಸುಕ್‌ಳ ಅಂಗೈಲಿಟ್ಟರು, ಉನ್ಹೆಯ ಅಮ್ಮ, ಇವತ್ತು ನನ್ನ ಕೈಯನ್ನ ನಾನು ನಂಬಲ್ಲ, ಹಾಕಿದ್ರೆ ಹಟಕ್ಕೆ ಹಾಕ್ತೀನಿ, ಬಿಟ್ರೆ ಸಿಟ್ಟಿಗೆ ಬಿಡ್ತೀನಿ, ನೀನು ಹಾಕು, ಅಂದರು. ಅವರ ಬೆರಳುಗಳು ಐಸಿನಂತಿದ್ದವು.

ಎಷ್ಟು ಹಾಕಲಿ ಅತ್ತೆ ಅಂತ ಕೇಳಬೇಕಿತ್ತು, ಅವರು ಆಗಲೇ ಅಂಗಳ ದಾಟಿದ್ದರು — ಹಾಕಿದರೆ ಏನಾಗುತ್ತದೆ, ನೆರೆಯ ಚಿಲ್ಸುನ ಅಮ್ಮ ಕಂಡರೆ ಮತ್ತೆ ಅಂದಾಳು, ಇದೇ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ಅಂದಿದ್ದಳಲ್ಲ, ಅವಳ ಗಂಡನೂ ಅದೇ ದೋಣಿಯಲ್ಲಿದ್ದವನು, ಅವಳು ಕೊರವಂಜಿಯಂಥ ದೇವರು ಮೈದುಂಬುವ ಹೆಂಗಸನ್ನು ಕರೆಸಿ, ಮುಳುಗಿದವನ ಜೀವ ಅಕ್ಕಿಗೆ ಬರಲೆಂದು ಅಕ್ಕಿ ತುಂಬಿದ ಬಟ್ಟಲಿಗೆ ಬಟ್ಟೆ ಕಟ್ಟಿ ಹಗ್ಗದಲ್ಲಿ ಕಡಲಿಗಿಳಿಸಿದಳು, ಮೇಲೆತ್ತಿದಾಗ ಅಕ್ಕಿಯಲ್ಲಿ ಒಂದು ಕೂದಲಿತ್ತು, ಬಂದ, ನನ್ನ ಗಂಡ ಬಂದ, ಅಂತ ಮರಳಿನಲ್ಲಿ ಹೊರಳಿ ಅತ್ತಳು, ಅತ್ತು ಹಗುರಾದಳು, ಈಗ ಊಟ ಮಾಡುತ್ತಾಳೆ, ನಿದ್ದೆ ಮಾಡುತ್ತಾಳೆ, ಇನ್‌ಸುಕ್‌ಗೆ ಅವಳನ್ನು ಕಂಡು ಹೊಟ್ಟೆಕಿಚ್ಚಾಗಿದ್ದೂ ಉಂಟು, ನಮ್ಮ ಅಕ್ಕಿ ಬಟ್ಟಲಲ್ಲಿ ನನ್ನ ಗಂಡ ಬಂದ, ನಿಮ್ಮ ದೇವರು ಬಾಯೇ ಬಿಡ್ತಿಲ್ಲವಲ್ಲ ದೊಡ್ಡಮ್ಮ, ಸತ್ತವನಿಗೆ ಇನ್ನೂ ಎಷ್ಟು ದಿನ ಚಮಚ ಹಾಕ್ತೀರಿ, ಅಂದಳು ಚಿಲ್ಸುನ ಅಮ್ಮ, ಅತ್ತೆ ಒಲೆಯ ಮುಂದಿನಿಂದ ಎದ್ದು ಕಡಲಪಾಚಿಯ ಸಾರನ್ನು ಪಾತ್ರೆಗೆ ಬಗ್ಗಿಸಿದರು, ತಗೊ, ಬಿಸಿ ಇದೆ, ಚಿಲ್ಸುಗೂ ಕೊಡು, ಬದುಕಿದಾನೆ ಅಂತ ನಾನೆಲ್ಲಿ ಅಂದೆ ಮಗಳೇ, ಹೋದ ಅಂತಾನೂ ಅನ್ನಲ್ಲ, ಅದನ್ನ ಹೇಳೋನು ಮೇಲಿದಾನೆ, ಮುಗೀತು ಅನ್ನೋ ಮಾತು ದೇವರ ಬಾಯಲ್ಲಿ ಬರಬೇಕು, ನನ್ನ ಚಮಚದಲ್ಲಲ್ಲ, ಅಲ್ಲೀವರೆಗೂ ನನ್ನ ಕೆಲಸ ನಾನು ಮಾಡ್ತೀನಿ. ಚಿಲ್ಸುನ ಅಮ್ಮ ಪಾತ್ರೆ ಹಿಡಿದು ಅಳುತ್ತಾ ಹೋದಳು, ಪಾತ್ರೆಯನ್ನು ಮಾತ್ರ ಇನ್ನೂ ವಾಪಸು ಕೊಟ್ಟಿಲ್ಲ.

ಹಟಮಾರಿಯಲ್ಲ ಅತ್ತೆ, ಹುಚ್ಚೂ ಅಲ್ಲ, ಬಿಡುವುದು ಅವರಿಗೆ ಗೊತ್ತು, ಮಾವ ಹೋದಾಗ ಬಿಡಲಿಲ್ಲವೇ, ಗುಡ್ಡದ ಬೆನ್ನಿಗೆ ಮಣ್ಣು ಮಾಡಿ ಬಂದ ಮಾರನೆಯ ಬೆಳಗ್ಗೆ ಇದೇ ಮಡಕೆಯ ಮುಂದೆ ಕೂತು ಒಂದು ಚಮಚ ಕಮ್ಮಿ ಹಾಕಿದರು, ಹೊಸ ಸೊಸೆ ಇನ್‌ಸುಕ್ ದಿಗಿಲಾಗಿ ಕೇಳಿದ್ದಳು, ಇಷ್ಟು ಬೇಗ ಬಿಟ್ಟುಬಿಟ್ರಾ ಅತ್ತೆ, ಕಣ್ಣು ಮುಚ್ಚಿಸಿದ್ದು ಈ ಕೈ, ಮಣ್ಣು ಹಾಕಿದ್ದು ಈ ಕೈ, ನನ್ನೆದುರಿಗೇ ದೇವರು ಕರ್ಕೊಂಡ, ಇನ್ನೂ ಹಾಕ್ತಾ ಕೂತ್ರೆ ದೇವರಿಗೆ ಎದುರು ಮಾತಾಡಿದ ಹಾಗಲ್ವಾ, ಅಂದು ಅತ್ತೆ ಲಂಗದ ಅಂಚಿನಲ್ಲಿ ಮೂಗೊರೆಸಿಕೊಂಡರು — ಕೊಟ್ಟದ್ದನ್ನು ಕೊಟ್ಟನೆಂದು, ಕರೆದದ್ದನ್ನು ಕರೆದನೆಂದು, ಸುಮ್ಮನಿದ್ದದ್ದನ್ನು ಸುಮ್ಮನಿದ್ದಾನೆಂದು, ಇಷ್ಟೇ ಅವರ ಭಕ್ತಿ, ಎಂಥ ಎದೆ ಇದ್ದರೆ ಇಷ್ಟು ಸರಳವಾಗಿ ಇರಲಾದೀತು, ತನಗಂತೂ ಆಗದು, ತಾನು ಪ್ರಾರ್ಥನೆಯಲ್ಲಿ ದೇವರ ಜೊತೆ ಚೌಕಾಸಿ ಮಾಡಿದವಳು, ಅವನನ್ನು ಕೊಡು, ಇಲ್ಲ ಅವನ ಹೆಣವನ್ನಾದರೂ ಕೊಡು ಅಂತ, ಅತ್ತೆ ಏನು ಕೇಳುತ್ತಾರೋ ಆ ತಣ್ಣನೆಯ ನೆಲದ ಮೇಲೆ ಮಂಡಿಯೂರಿ, ಒಮ್ಮೆ ಪಕ್ಕದಲ್ಲಿ ಕೂತು ಕಿವಿಗೊಟ್ಟಿದ್ದಳು, ಕೇಳಿಸಿದ್ದು ಒಂದೇ ಮಾತು, ಅವನು ನಿನ್ನವನು, ಅವನು ನಿನ್ನವನು, ಎಲ್ಲಿದ್ರೂ ನಿನ್ನವನು, ಆ ಧ್ವನಿ ನಡುಗುತ್ತಿತ್ತು, ಹೌದು ನಡುಗುತ್ತಿತ್ತು, ಅದನ್ನು ತಾನು ಹೇಗೆ ಮರೆತಳು, ಕಲ್ಲು ಅಂತ ಹೇಗೆ ಅಂದುಕೊಂಡಳು.

ಅಂಗಳದಲ್ಲಿ ರಬ್ಬರು ಶೂಗಳ ಸದ್ದು, ಪ್ರಾರ್ಥನೆ ಮುಗಿದಿರಬೇಕು, ಹಿಮದ ಮೇಲೆ ಕಿರಿಕ್ ಕಿರಿಕ್, ಅಡಿಗೆಮನೆಯ ಬಾಗಿಲವರೆಗೂ ಬಂದು ನಿಂತಿತು, ಬಾಗಿಲು ತೆರೆಯಲಿಲ್ಲ — ಯಾಕೆ ಒಳಗೆ ಬರುತ್ತಿಲ್ಲ, ಚಳಿಯಲ್ಲಿ ಯಾಕೆ ನಿಂತಿದ್ದಾರೆ, ಓ, ಕಿವಿಗೊಟ್ಟಿದ್ದಾರೆ, ಅಕ್ಕಿ ಬೀಳುವ ಸದ್ದಿಗೆ ಕಿವಿಗೊಟ್ಟಿದ್ದಾರೆ, ಬಿದ್ದರೂ ಸರಿ ಬೀಳದಿದ್ದರೂ ಸರಿ ಅಂತ ಅಲ್ಲೇ ನಿಂತು ಬೇಯುತ್ತಿದ್ದಾರೆ, ನನ್ನ ಅತ್ತೆ, ನನ್ನ ದೊಡ್ಡ ಜೀವ, ಬದುಕಿದಾನೆ ಅಂತ ನಾನು ಹಾಕುತ್ತಿಲ್ಲ ಅತ್ತೆ, ಆಸೆಗೆ ಹಾಕುತ್ತಿಲ್ಲ, ಅವನ ಹೆಣ ನಾನು ಕಂಡಿಲ್ಲ, ಅವನನ್ನು ಮಣ್ಣು ಮಾಡಲು ನಾನ್ಯಾರು, ಎಲ್ಲಿದ್ದರೂ ಮೇಲಿರುವವನ ಕೈಲಿದ್ದಾನೆ — ಇನ್‌ಸುಕ್ ಚಮಚ ಓರೆ ಮಾಡಿದಳು, ಅಕ್ಕಿ ಸರ್ರನೆ ಚೀಲಕ್ಕಿಳಿಯಿತು, ಇಷ್ಟು ಚಿಕ್ಕ ಸದ್ದು, ಹೊರಗೆ ಯಾರೋ ಬಾಗಿಲ ಚೌಕಟ್ಟಿಗೆ ಪೂರಾ ಮೈ ಒರಗಿಸಿದಂತೆ ಮರ ಕಿರುಗುಟ್ಟಿತು, ಆಮೇಲೆ ಅಳು, ಬಾಯಿಗೆ ಲಂಗದ ಅಂಚು ತುರುಕಿಕೊಂಡ ಅಳು, ಇಷ್ಟು ದಿನದ್ದೆಲ್ಲ ಒಟ್ಟಿಗೆ, ಎದ್ದು ಹೋಗಿ ಹಿಡಿದುಕೊಳ್ಳಬೇಕು, ಏಳಬೇಕು, ಆದರೆ ಚಮಚ ಇನ್ನೂ ಕೈಯಲ್ಲಿದೆ, ಪೂರಾ ಖಾಲಿಯಾಗಿಲ್ಲ, ಸವೆದ ಅಂಚಿನಲ್ಲಿ ಆ ಒಂದು ಕಾಳು, ಕೆಂಪಗೆ, ಬೀಳದೆ, ಅಂಚಿನಲ್ಲಿ ಒಂದು ಕಾಳು.